ಗಂಗತ್ತೆಗಾಗಿ ಇಳಿಸಿದ ವಿಮಾನ

ಹಬ್ಬಕ್ಕೆ ದೊಡ್ಡ ಪಾತ್ರೆ ಬೇಕೆಂದು ಅಟ್ಟ ಹತ್ತಿದವನಿಗೆ ಪಾತ್ರೆಯೊಳಗೆ ಒಂದು ಜಾಯ್‌ಸ್ಟಿಕ್ಕು ಸಿಕ್ಕಿತು. ನೋಡದವರಿಗಾಗಿ ಹೇಳುತ್ತೇನೆ: ಅಂಗೈಯಗಲದ ಪೀಠ, ಅದರ ಮೇಲೊಂದು ಹಿಡಿಕೆ, ಹಿಡಿಕೆಯ ನೆತ್ತಿಗೊಂದು ಗುಂಡಿ, ಹಿಂದೆ ಬಾಲದಂತೆ ವೈರು. ಕಂಪ್ಯೂಟರಿನಲ್ಲಿ ವಿಮಾನ ಓಡಿಸುವ ಆಟಕ್ಕೆಂದು ಕೊಂಡದ್ದು. ಗುಂಡಿ ಕೆಂಪಗಿದೆ. ಹುಟ್ಟಿನಿಂದಲೇ ಕೆಂಪೋ, ಅವ್ವನ ಆಯುಧಪೂಜೆಯ ಕುಂಕುಮದಿಂದ ಕೆಂಪೋ ಈಗ ಹೇಳಲಾರೆ. ಮೂಸಿ ನೋಡಿದೆ. ಶೇಂಗಾ ಎಣ್ಣೆಯ ವಾಸನೆ. ಇದರಿಂದ ಏನೂ ಸಾಬೀತಾಗುವುದಿಲ್ಲ. ಚಳ್ಳಕೆರೆಯ ಗಿರಣಿಗಳ ಬೀದಿಯಲ್ಲಿ ಬೆಳೆದವನಿಗೆ ಹಳೆಯದೆಲ್ಲವೂ ಅದೇ ವಾಸನೆ.

ನೆನಪನ್ನು ನಾನು ನಂಬುವುದಿಲ್ಲ. ನೀವೂ ನಂಬಬೇಡಿ. ಅದು ನೆಂಟರು ಬರುವ ಮುಂಚೆ ಮನೆ ಗುಡಿಸಿದ ಹಾಗೆ. ಕಸವೆಲ್ಲ ಮಂಚದ ಕೆಳಗೆ ಹೋಗಿರುತ್ತದೆ. ಈಗ ಹೇಳಹೊರಟಿರುವ ಮಧ್ಯಾಹ್ನವನ್ನೇ ತೆಗೆದುಕೊಳ್ಳಿ. ಅದರಲ್ಲಿ ತಲೆಯ ಮೇಲೆ ಒಂದು ಫ್ಯಾನು ತಿರುಗುತ್ತಿರುತ್ತದೆ. ಅದು ತಿರುಗಿರಲು ಸಾಧ್ಯವೇ ಇಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಇದನ್ನು ಹಿಂದೆಯೂ ಬರೆಯಲು ಕೂತಿದ್ದೇನೆ. ಪ್ರತಿ ಸಲವೂ ಆ ಫ್ಯಾನು ಕರೆಯದೆ ಬಂದು ತಿರುಗುತ್ತದೆ, ಪ್ರತಿ ಸಲವೂ ಹೊಡೆದುಹಾಕುತ್ತೇನೆ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಾನು ಮನೆಯ ಪಡಸಾಲೆಯಲ್ಲಿ ಸೆಕೆಂಡ್ ಹ್ಯಾಂಡ್ ಕಂಪ್ಯೂಟರು ಇಟ್ಟುಕೊಂಡು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡುಗಳಿಗೆ ಅಕ್ಷರ ಜೋಡಿಸಿಕೊಡುತ್ತಿದ್ದೆ. ಕಂಪ್ಯೂಟರು ಮಾರಿದವನು ಕೊಸರಿಗೆ ಒಂದು ಸೀಡಿ ಕೊಟ್ಟಿದ್ದ. ಅದರಲ್ಲಿತ್ತು ಈ ವಿಮಾನ. ಜಾಯ್‌ಸ್ಟಿಕ್ಕನ್ನು ಮಾತ್ರ ನಾನೇ ಆಸೆಪಟ್ಟು ತಂದೆ.

ವಿಮಾನ ಏರಿಸುವುದು ಯಾರಿಗಾದರೂ ಬರುತ್ತದೆ. ಅವ್ವ ಕೂಡ ಏರಿಸಿದಳು. ಮೊರದಲ್ಲಿ ಶೇಂಗಾ ಕೇರುತ್ತಿದ್ದವಳನ್ನು ಕರೆದು ಕೂರಿಸಿ, ಹಿಡಿಕೆ ಎಳಿ ಅಂದೆ, ಎಳೆದಳು, ಏರಿತು. "ಇಷ್ಟೇನಾ?" ಎಂದು ಎದ್ದು ಹೋದಳು. ಕಷ್ಟವಿರುವುದು ಇಳಿಸುವುದರಲ್ಲಿ. ನಿಧಾನ ಮಾಡಬೇಕು, ಆದರೆ ತೀರಾ ನಿಧಾನ ಮಾಡಬಾರದು. ಕೆಳಗೆ ಬರಬೇಕು, ಆದರೆ ಮೂತಿ ಮೇಲಿರಬೇಕು. ನನ್ನ ವಾಹನಜ್ಞಾನವೆಲ್ಲ ಒಂದು ಮೊಪೆಡ್ಡಿನಿಂದ ಬಂದದ್ದು. ಅದರಲ್ಲಿ ಭಯವಾದರೆ ವೇಗ ಇಳಿಸಿದರಾಯಿತು. ಆಕಾಶದಲ್ಲಿ ಭಯವಾಗಿ ವೇಗ ಇಳಿಸಿದರೆ ವಿಮಾನ ಒಂದು ಕ್ಷಣ ಯೋಚಿಸಿದಂತೆ ನಿಂತು, ಆಮೇಲೆ ಮೂಟೆಯ ಹಾಗೆ ಬೀಳುತ್ತದೆ. ಬಿದ್ದಾಗ ಢಂ ಎಂದು ಸದ್ದು. ಆ ಸದ್ದು ನಮ್ಮ ಬೀದಿಗೆ ಎಷ್ಟು ಪರಿಚಯವಾಗಿತ್ತೆಂದರೆ, ಎದುರುಮನೆಯವರು "ಇವತ್ತು ಇನ್ನೂ ಬಿದ್ದಿಲ್ವಾ?" ಎಂದು ಕೇಳುತ್ತಿದ್ದರು.

ಸಮುದ್ರಕ್ಕೆ ಬಿದ್ದಿದ್ದೇನೆ. ರನ್‌ವೇಗೆ ಸರಿಯಾಗಿಯೇ ಇಳಿದು, ನಿಲ್ಲಿಸಲು ಮರೆತು, ಆಚೆಯ ಕಟ್ಟಡದೊಳಕ್ಕೆ ಹೋಗಿದ್ದೇನೆ. ಒಮ್ಮೆ ಬಹಳ ನಾಜೂಕಾಗಿ ಇಳಿಸಿದೆ, ತಲೆಕೆಳಗಾಗಿ. ಇದರಲ್ಲಿ ಆಯುಧಪೂಜೆಯ ಪಾಲೂ ಇತ್ತು. ಅವ್ವ ಮನೆಯ ಮಚ್ಚು, ಒನಕೆ, ಮೊಪೆಡ್ಡುಗಳ ಜೊತೆ ಕಂಪ್ಯೂಟರನ್ನೂ ಸಾಲಿಗೆ ಸೇರಿಸಿ, ಪರದೆಗೆ ಅಡ್ಡಡ್ಡ ವಿಭೂತಿ ಬಳಿದು, ಜಾಯ್‌ಸ್ಟಿಕ್ಕಿನ ಗುಂಡಿಗೂ ಬುಡಕ್ಕೂ ನೀರಲ್ಲಿ ಕಲಸಿದ ಕುಂಕುಮ ಮೆತ್ತಿದ್ದಳು. ಕುಂಕುಮ ಒಳಗಿಳಿದು ಒಣಗಿದ ಮೇಲೆ ಹಿಡಿಕೆ ಎಡಕ್ಕೇ ವಾಲತೊಡಗಿತು. ವಿಭೂತಿಯ ನಡುವಿನ ಗೆರೆಯನ್ನೇ ನಾನು ದಿಗಂತವೆಂದು ಹಿಡಿದು ಹಾರಿಸುತ್ತಿದ್ದೆ, ಅಭ್ಯಾಸವಾಗಿತ್ತು. ಅವ್ವ ಒಂದು ದಿನ ಪರದೆ ಒರೆಸಿಬಿಟ್ಟಳು. ಆಮೇಲೆ ಹಾರಾಟವೂ ಕೆಟ್ಟಿತು.

ಇಳಿಸಲಾಗದವನು ಇಳಿಸುವುದನ್ನು ಮುಂದೂಡುತ್ತಾನೆ. ವಿಮಾನವನ್ನು ತನ್ನಷ್ಟಕ್ಕೆ ಹಾರಲು ಬಿಟ್ಟು ನಾನು ಮುದ್ದೆ ಉಣ್ಣುತ್ತಿದ್ದೆ, ಬಸ್‌ಸ್ಟ್ಯಾಂಡಿನ ಕಡೆ ಹೋಗಿ ಟೀ ಕುಡಿದು ಬರುತ್ತಿದ್ದೆ. ಬಂದಾಗ ಅವ್ವ ಬಾಗಿಲಲ್ಲೇ ವರದಿ ಕೊಡುತ್ತಿದ್ದಳು: "ಇನ್ನೂ ಮೇಲೇ ಐತೆ." ಒಂದು ದಿನ ನಿಜವಾದ ಕಳವಳದಿಂದ ಕೇಳಿದಳು: "ಅಲ್ಲಪ್ಪಾ, ಅದ್ರಾಗೆ ಕುಂತಿರೋರಿಗೆ ಊಟ ಆಯ್ತೋ ಇಲ್ವೋ?"

ಇಷ್ಟರವರೆಗೆ ನಾನು ಬೀಳುವುದರಿಂದ ಯಾರಿಗೂ ನಷ್ಟವಿರಲಿಲ್ಲ. ಗಂಗತ್ತೆ ಬಂದ ಮೇಲೆ ಮಾತು ಬೇರೆಯಾಯಿತು.

ಗಂಗತ್ತೆ ನನ್ನ ಅಪ್ಪನ ತಂಗಿ. ಮೊಳಕಾಲ್ಮೂರಿಗೆ ಕೊಟ್ಟ ಹೆಣ್ಣು, ಗಂಡಹೆಂಡಿರಿಬ್ಬರೂ ರೇಷ್ಮೆ ಸೀರೆ ನೇಯುವವರು. ಅತ್ತೆ ನೇಯ್ದ ಸೀರೆಯೊಂದನ್ನು ನೋಡಿದ ಯಾರೋ, ದೆಹಲಿಯ ಪ್ರದರ್ಶನದಲ್ಲಿ ಮಗ್ಗದ ಮುಂದೆ ಕೂತು ಜನರಿಗೆ ನೇಯ್ದು ತೋರಿಸಬೇಕೆಂದು ಅವಳನ್ನು ಕರೆದಿದ್ದರು. ವಿಮಾನದ ಟಿಕೆಟನ್ನೂ ಕಳಿಸಿದ್ದರು. ಒಬ್ಬರಿಗೆ ಮಾತ್ರ.

ಅತ್ತೆಗೆ ದೆಹಲಿಗಿಂತ ವಿಮಾನದ ಆಸೆಯೇ ಹೆಚ್ಚು. "ಮೋಡನ ಒಂದ್ಸಲ ಹತ್ರದಿಂದ ನೋಡ್ಬೇಕು ಕಣೋ," ಎಂದಳು. "ಅವಂತೂ ನಮ್ಮೂರ ಕಡೀಕೆ ಬರಲ್ಲ. ನಾವೇ ಹೋಗಿ ನೋಡಿಬರೋಣ."

ಮಾವ ಬೇಡವೆಂದರು. ಅವರು ಕೆಟ್ಟವರಲ್ಲ, ಅವರಿಗೊಂದು ನಿಯಮವಿತ್ತು. ಓಡಿಸುವವನ ಮುಖ ನೋಡದೆ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಮೊಳಕಾಲ್ಮೂರಿನಿಂದ ಚಳ್ಳಕೆರೆಗೆ ಬರುವಾಗ ಡ್ರೈವರಿನ ಪಕ್ಕದ ಬಾನೆಟ್ಟಿನ ಮೇಲೆ, ದಾರಿಗೆ ಬೆನ್ನು ಹಾಕಿ, ಅವನ ಮುಖಕ್ಕೆ ಮುಖ ಕೊಟ್ಟು ಕೂರುತ್ತಿದ್ದರು. ಒಮ್ಮೆ ಡ್ರೈವರು ಆಕಳಿಸಿದನೆಂದು ನಡುದಾರಿಯಲ್ಲಿ ಇಳಿದು ಹಿಂದಿನ ಬಸ್ಸಿಗೆ ಕಾದರಂತೆ. ಹಿಂದಿನ ಬಸ್ಸಿನವನೂ ಆಕಳಿಸುತ್ತಿದ್ದನಂತೆ. ಅವನನ್ನೂ ಕಳಿಸಿ ನಡೆದೇ ಊರು ಸೇರಿದರಂತೆ. ಇದನ್ನು ನನಗೆ ಹೇಳಿದವಳು ಅತ್ತೆ. ಎಷ್ಟು ನಿಜವೋ ತಿಳಿಯದು.

"ವಿಮಾನದಾಗೆ ಓಡಿಸೋನು ಬಾಗ್ಲು ಹಾಕ್ಕೊಂಡು ಕುಂತಿರ್ತಾನಂತೆ," ಎಂದರು ಮಾವ. "ಅವನು ಒಳಗೆ ನಿದ್ದೆ ಮಾಡ್ತಾನೋ ಏನೋ, ಯಾರು ಕಂಡೋರು? ವದ್ದು, ವದ್ದು." ಗಾಬರಿಯಾದರೆ ಮಾವನ ಬಾಯಿಗೆ ತೆಲುಗೇ ಬರುತ್ತಿತ್ತು, ಗಡಿ ಅಷ್ಟು ಹತ್ತಿರ. ವದ್ದು ಎಂದರೆ ಬೇಡ.

ಈ ಮಾತು ನಡೆದದ್ದು ನಮ್ಮ ಮನೆಯಲ್ಲಿ. ನಾನು ಸುಮ್ಮನಿರಬಹುದಿತ್ತು.

"ಅಯ್ಯೋ ಮಾವ, ಭಯ ಯಾಕೆ? ನಮ್ಮನೇಲೇ ವಿಮಾನ ಐತೆ. ತೋರಿಸ್ತೀನಿ ಬರ್ರಿ," ಎಂದೆ.

ತೋರಿಸಿದೆ. ಏರಿತು. ಮಾವ "ಪರವಾಗಿಲ್ವೇ!" ಎಂದರು. ಅತ್ತೆಯ ಕಣ್ಣು ಅರಳಿತು. ಅಲ್ಲಿಗೇ ನಿಲ್ಲಿಸಿ ಊಟಕ್ಕೇಳಬಹುದಿತ್ತು. ಇಳಿಸಲು ಹೋದೆ. ಢಂ.

ಒಳಗಿನಿಂದ ಅವ್ವ ಸಮಾಧಾನ ಹೇಳಿದಳು: "ಅದು ದಿನಾ ಬೀಳ್ತೈತೆ ಬಿಡಣ್ಣ."

ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಸರೇ. ಒಂದು ಮಾತು ಹೇಳ್ತೀನಿ. ಮುಂದಿನ ಭಾನುವಾರ ಮತ್ತೆ ಬರ್ತೀನಿ. ಇವನು ನನ್ನ ಎದುರಿಗೆ ಇಳಿಸ್ಲಿ. ಇಳಿಸಿದ್ರೆ ನೀನು ಡೆಲ್ಲಿಗೆ ಹೋಗು. ಬಿದ್ರೆ ಇಲ್ಲ."

"ಇವನ ಕೈಯಾಗೆ ನನ್ನ ಹಣೆಬರ ಇಟ್ರಾ?" ಎಂದಳು ಅತ್ತೆ. ಅವಳ ದನಿಯಲ್ಲಿದ್ದ ಅವಿಶ್ವಾಸ ನನಗೆ ಈಗಲೂ ಕೇಳಿಸುತ್ತದೆ. ಇದೊಂದು ನೆನಪನ್ನು ನಾನು ಅನುಮಾನಿಸುವುದಿಲ್ಲ. ಹೊರಡುವಾಗ ಬಾಗಿಲ ಬಳಿ ನನ್ನ ತೋಳು ಹಿಡಿದಳು. "ಅಳಿಯಾ, ಜಗಳ ಮಾಡ್ಕೊಂಡು ಹೋಗೋಕೆ ನನಗೂ ಬರ್ತೈತೆ. ಆದ್ರೆ ಅವರ ಮುಖ ಕೆಡಿಸಿ ಹೋದ್ರೆ ಅಲ್ಲಿ ಕುಂತು ನೇಯೋಕೆ ಕೈ ಓಡಲ್ಲ. ಹೆಂಗಾದ್ರೂ ಇಳಿಸೋ."

ಆ ವಾರ ನಮ್ಮ ಊರಿನವರ ಮದುವೆಗಳೆಲ್ಲ ತಡವಾದವು, ಅಂದರೆ ಕಾರ್ಡುಗಳು. ನಾನು ಬೀಳುವುದನ್ನೇ ಕಸುಬು ಮಾಡಿಕೊಂಡೆ. ಎಡಕ್ಕೆ ವಾಲುವ ಹಿಡಿಕೆಗೆ ಬಲಗಡೆಯಿಂದ ರಬ್ಬರ್ ಬ್ಯಾಂಡು ಕಟ್ಟಿದೆ. ವಿಮಾನ ಬಲಕ್ಕೆ ಬಿತ್ತು. ಹಿಡಿಕೆಯ ಬುಡಕ್ಕೆ ಶೇಂಗಾ ಎಣ್ಣೆ ಬಿಟ್ಟೆ. ಎರಡೂ ಕಡೆಗೆ ಸಲೀಸಾಗಿ ಬಿತ್ತು. ಅವ್ವ ಮನೆದೇವರಿಗೆ ಕಾಯಿ ಒಡೆಸುವ ಹರಕೆ ಹೊತ್ತಳು. ಯಾರಿಗಾಗಿ ಹರಕೆ ಎಂದು ಕೇಳಿದರೆ, "ಗಂಗಕ್ಕಂಗೂ ಆಯ್ತು, ನಿನಗೂ ಆಯ್ತು, ಅದ್ರಾಗೆ ದಿನಾ ಸಾಯ್ತಿರೋರಿಗೂ ಆಯ್ತು," ಎಂದಳು. ಭಾನುವಾರದ ಬೆಳಿಗ್ಗೆ ತಿಂಡಿಗೆ ಮುಂಚೆ ಒಮ್ಮೆ ನೆಟ್ಟಗೆ ಇಳಿಸಿದೆ ಎಂದು ನನ್ನ ನೆನಪು ಹೇಳುತ್ತದೆ. ಸಾಕ್ಷಿಗೆ ಯಾರೂ ಇರಲಿಲ್ಲ. ನೆನಪಿಗೆ ಇಂಥ ಜಾಗಗಳೆಂದರೆ ಬಲು ಇಷ್ಟ.

ಮಧ್ಯಾಹ್ನದ ಬಸ್ಸಿಗೆ ಅವರಿಬ್ಬರೂ ಬಂದರು. ಅವ್ವ ಒಳಗೆ ಶೇಂಗಾ ಹೋಳಿಗೆ ಬೇಯಿಸುತ್ತಿದ್ದಳು. ಮಾವ ಕುರ್ಚಿ ಎಳೆದುಕೊಂಡು ಪರದೆಗೆ ಬೆನ್ನು ಹಾಕಿ, ನನ್ನ ಮುಖಕ್ಕೆ ಮುಖ ಕೊಟ್ಟು ಕೂತರು.

"ಮಾವ, ವಿಮಾನ ಆ ಕಡೆ ಐತೆ."

"ಅದನ್ನ ನೋಡಿ ನಾನೇನು ಮಾಡ್ಲಿ? ಓಡಿಸೋನ್ನ ನೋಡ್ತೀನಿ. ನೀನು ಓಡಿಸು ಅಲ್ಲುಡೂ." ಅಲ್ಲುಡು ಎಂದರೆ ಅಳಿಯ, ಪರೀಕ್ಷೆಯ ಹೊತ್ತಿನಲ್ಲಿ ಅದು ಬೈಗುಳದಂತೆ ಕೇಳಿತು.

ಅತ್ತೆ ಕೂರಲಿಲ್ಲ. ಕ್ಯಾಲೆಂಡರು ನೇತುಹಾಕಿದ್ದ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಳು. ಅಲ್ಲಿಂದ ಪರದೆ ಚೆನ್ನಾಗಿ ಕಾಣುತ್ತಿತ್ತು.

ಏರಿಸಿದೆ. ತಿರುಗಿಸಿದೆ. ದೂರದಲ್ಲಿ ರನ್‌ವೇ ಒಂದು ಬೂದು ದಾರದ ತುಂಡಿನಷ್ಟು ಕಂಡಿತು. ದಾರ ಪಟ್ಟಿಯಾಯಿತು, ಪಟ್ಟಿ ಸೆರಗಾಯಿತು. ಮಾವ ನನ್ನ ರೆಪ್ಪೆಗಳನ್ನೇ ನೋಡುತ್ತಿದ್ದರು. ಅವರ ಉಸಿರಿನ ಅಡಿಕೆಯ ವಾಸನೆ ನನಗೆ ಬಡಿಯುತ್ತಿತ್ತು. ಎಡಕ್ಕೆ ವಾಲಿತು. ಸರಿಪಡಿಸಿದೆ. ಜಾಸ್ತಿ ಸರಿಯಾಯಿತು. ನೆಲ ಬರುತ್ತಿದೆ, ಮೂತಿ ಎತ್ತಬೇಕು, ಎತ್ತಿದರೆ ನಿಲ್ಲುತ್ತದೆ, ಎತ್ತದಿದ್ದರೆ ಚುಚ್ಚುತ್ತದೆ. ಕೈ ಕಲ್ಲಾಯಿತು. ಮುಖವೂ ಕಲ್ಲಾಗಿರಬೇಕು. ಚಕ್ರ ನೆಲಕ್ಕೆ ತಾಗಬೇಕು, ಇನ್ನೇನು—

ಪರದೆ ಕಪ್ಪಾಯಿತು.

"ಥೂ, ಕರೆಂಟ್ ಹೋಯ್ತು!" ಎಂದಳು ಗಂಗತ್ತೆ.

ಚಳ್ಳಕೆರೆಯಲ್ಲಿ ಆಗ ಕರೆಂಟು ಹೋಗುವುದಕ್ಕೆ ಯಾರೂ ಕಾರಣ ಕೇಳುತ್ತಿರಲಿಲ್ಲ. ಮಾವ ಹಿಂದೆ ತಿರುಗಿ ಕಪ್ಪು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. "ಇಳೀತಾ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದಳು: "ಬಿದ್ದಿದ್ರೆ ಢಂ ಅಂತಿರ್ಲಿಲ್ವಾ? ಸದ್ದು ಬಂತಾ ನಿಮಗೆ?"

ಮಾವ ಯೋಚಿಸಿದರು. "ಬರ್ಲಿಲ್ಲ."

"ಮತ್ತೆ?"

"ಮುಖದಾಗೂ ಭಯ ಇರ್ಲಿಲ್ಲ," ಎಂದು ಮಾವ ತಮ್ಮ ಲೆಕ್ಕವನ್ನೂ ಸೇರಿಸಿದರು. "ರೆಪ್ಪೆ ಕೂಡ ಬಡೀಲಿಲ್ಲ ನೋಡು ಹುಡುಗ. ಸರೇ. ಡೆಲ್ಲಿಗೆ ಹೋಗಿಬಾ."

"ಏಳ್ರಿ, ಏಳ್ರಿ, ಹೋಳಿಗೆ ಆರ್ತೈತೆ," ಎಂದು ಅತ್ತೆ ಎಲ್ಲರನ್ನೂ ಒಳಗೆ ಅಟ್ಟಿದಳು.

ಇಲ್ಲೇ ಆ ಫ್ಯಾನು ಬರುವುದು. ಪರದೆ ಕಪ್ಪಾದ ಮೇಲೆ ಮಾವ ಹಿಂದೆ ತಿರುಗುತ್ತಾರಲ್ಲ, ಆಗ ಅವರ ಟವೆಲಿನ ತುದಿ ಗಾಳಿಗೆ ಹಾರುತ್ತದೆ. ತಲೆಯ ಮೇಲೆ ಫ್ಯಾನಿನ ಕಿರ್ ಕಿರ್. ಕರೆಂಟಿಲ್ಲದೆ ಎಂಥ ಫ್ಯಾನು? ಯಾವುದೋ ಬೇರೆ ಮಧ್ಯಾಹ್ನದ ಫ್ಯಾನನ್ನು ನೆನಪು ತಂದು ಇಲ್ಲಿ ತೂಗುಹಾಕಿದೆ ಎಂದು ನಾನು ತೀರ್ಮಾನಿಸಿದ್ದೆ.

ಅತ್ತೆ ದೆಹಲಿಗೆ ಹೋದಳು, ನೇಯ್ದು ತೋರಿಸಿದಳು, ಬಂದಳು. ಆಮೇಲೆ ಸೀರೆಯ ಅಂಚಿನಲ್ಲಿ ವಿಮಾನಗಳ ಸಾಲು ನೇಯ್ದಳು ಎಂದು ಬರೆದರೆ ಪ್ರಬಂಧಕ್ಕೆ ಚೆಂದ. ನೇಯಲಿಲ್ಲ. ಮೊದಲಿನ ಹಾಗೆ ಮಾವಿನಕಾಯಿಯನ್ನೇ ನೇಯ್ದಳು. ಮೋಡ ಹೇಗಿತ್ತೆಂದು ಕೇಳಿದ್ದಕ್ಕೆ, "ಏನೂ ಕೆಲ್ಸ ಇಲ್ಲ ಅವಕ್ಕೆ. ಸುಮ್ನೆ ಬಿದ್ಕೊಂಡವೆ. ಬರೋಕೇನು ಧಾಡಿ?" ಎಂದಳು. ಇಳಿಯುವಾಗ ಹೇಗಿತ್ತು ಎಂದೆ. "ನಿನಗಿಂತ ಚೆನ್ನಾಗಿ ಇಳಿಸ್ದ," ಎಂದಳು. ತಮಾಷೆ ಎಂದುಕೊಂಡೆ.

ಇವತ್ತು ಜಾಯ್‌ಸ್ಟಿಕ್ಕನ್ನು ಮಡಿಲಲ್ಲಿಟ್ಟುಕೊಂಡು ಮೊಳಕಾಲ್ಮೂರಿಗೆ ಫೋನು ಮಾಡಿದೆ. ಅತ್ತೆಗೆ ವಯಸ್ಸಾಗಿದೆ, ಮಗ್ಗ ಬಿಟ್ಟಿದ್ದಾಳೆ, ಮಾತು ಬಿಟ್ಟಿಲ್ಲ. ನನ್ನ ಫ್ಯಾನಿನ ಸಮಸ್ಯೆ ಹೇಳಿದೆ. ಅತ್ತೆಯ ದನಿ ತಗ್ಗಿತು.

"ಸ್ವಲ್ಪ ತಡಿ, ನಿಮ್ಮ ಮಾವ ಇಲ್ಲೇ ಅವರೆ." ಚಪ್ಪಲಿ ಎಳೆಯುವ ಸದ್ದು, ಬಾಗಿಲ ಸದ್ದು. "ಫ್ಯಾನು ತಿರುಗ್ದೆ ಏನು ಮಾಡ್ತೈತೋ? ಕರೆಂಟ್ ಎಲ್ಲಿ ಹೋಗಿತ್ತು? ನಿನ್ನ ಕಂಪ್ಯೂಟರಿನ ಸ್ವಿಚ್ಚು ಆ ಕ್ಯಾಲೆಂಡರ್ ಹಿಂದೆ ಇತ್ತಲ್ಲ. ನಾನೇ ಆರಿಸ್ದೆ. ನೀವೆಲ್ಲ ಹೋಳಿಗೆಗೆ ಒಳಗೆ ಹೋದ್ಮೇಲೆ ಮತ್ತೆ ಹಾಕ್ದೆ."

"ಯಾಕತ್ತೆ?" ಎಂದೆ.

"ಬೀಳೋದು ಕಾಣ್ತಿತ್ತಲ್ಲೋ! ವಾಲ್ಕೊಂಡು ಬರ್ತಿತ್ತು. ಮಗ್ಗದಾಗೆ ಎಳೆ ಕಿತ್ತೋಗೋದು ಕಾಣ್ತಿದ್ರೆ ಕೈ ಸುಮ್ನಿರ್ತೈತಾ? ನಿನ್ನ ನಂಬ್ಕೊಂಡು ಕುಂತಿದ್ರೆ ನಾನು ಇವತ್ತಿಗೂ ಮೋಡ ಕಾಣ್ತಿರ್ಲಿಲ್ಲ."

"ಮಾವಂಗೆ?"

"ಅವರಿಗ್ಯಾಕೆ? ಪಾಪ, ಊರಿಗೆಲ್ಲ ನಿನ್ನ ಹೊಗಳ್ಕೊಂಡು ಓಡಾಡ್ಯಾರೆ."

ಹಿಂದಿನಿಂದ "ಯಾರದು?" ಎಂಬ ದನಿ ಕೇಳಿತು. ಫೋನು ಕೈ ಬದಲಾಯಿಸಿತು. "ಏಮಲ್ಲುಡೂ, ಇನ್ನೂ ವಿಮಾನ ಓಡಿಸ್ತೀಯಾ?"

"ಬಿಟ್ಟೆ ಮಾವ. ಬಹಳ ವರ್ಷ ಆಯ್ತು."

"ಯಾಕಪ್ಪಾ ಬಿಟ್ಟೆ? ಅಷ್ಟು ಚೆನ್ನಾಗಿ ಇಳಿಸ್ತಿದ್ದೆ."

ಫೋನು ಇಟ್ಟೆ. ನನ್ನ ನೆನಪಿನಲ್ಲಿದ್ದ ಒಂದೇ ಒಂದು ಸರಿಯಾದ ವಸ್ತುವನ್ನು ನಾನು ಇಷ್ಟು ವರ್ಷ ಹೊಡೆದುಹಾಕುತ್ತ ಬಂದಿದ್ದೆ. ಜಾಯ್‌ಸ್ಟಿಕ್ಕಿನ ಧೂಳು ಒರೆಸಿದೆ. ಹಿಡಿಕೆ ಈಗಲೂ ಎಡಕ್ಕೇ ವಾಲುತ್ತದೆ. ಆ ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಫ್ಯಾನು ತಿರುಗುತ್ತಿತ್ತು. ಬರೆದಿದ್ದೇನೆ, ಈ ಸಲ ಇರಲಿ.