ಅಂಬುಬಾಯಿಯ ಸೀರೆಗೆ ನಾಲ್ಕು ಗಂಟು

ರಾಜೇಶ್ವರದ ಉತ್ತಮ ಬಾವಿ ತೋಡುವವನು. ಅಕ್ಷರ ಬಾರದು. ಆದರೆ ಯಾವ ಹೊಲದಲ್ಲಿ ಎಲ್ಲಿಗೆ ಕರಿಕಲ್ಲು ಮುಗಿದು ಹಳೇ ಕೆಸರು ಗಟ್ಟಿಯಾದ ಮಣ್ಣುಗಲ್ಲು ಸಿಗುತ್ತದೆಂದು ಅವನನ್ನೇ ಕೇಳಬೇಕು. ಆಳವನ್ನು ಅವನು ಆಳಿನ ಲೆಕ್ಕದಲ್ಲಿ ಹೇಳುತ್ತಿದ್ದ: ಮನುಷ್ಯ ಕೈ ಎತ್ತಿ ನಿಂತರೆ ಒಂದಾಳು. ತೋಡುವಾಗ ವಿಚಿತ್ರ ಕಲ್ಲು ಸಿಕ್ಕರೆ ಆ ಬಾವಿಯವರ ಮನೆಯ ಹಳೇ ಅರಿವೆ ಕೇಳಿ ಪಡೆದು, ಅದರಲ್ಲಿ ಸುತ್ತಿ, ಎಷ್ಟಾಳು ಇಳಿದಿದ್ದನೋ ಅಷ್ಟು ಗಂಟು ಹಾಕಿ ಇಡುತ್ತಿದ್ದ. ಅರಿವೆ ನೋಡಿದರೆ ಯಾರ ಬಾವಿ, ಗಂಟು ಎಣಿಸಿದರೆ ಎಷ್ಟು ಆಳ. ಇದಕ್ಕಿಂತ ಚೊಕ್ಕ ದಾಖಲೆಯನ್ನು ನನ್ನ ಸರ್ವೀಸಿನಲ್ಲೇ ನಾನು ಕಂಡಿಲ್ಲ.

ನಾನು ಓಂಪ್ರಕಾಶ, ಹುಮನಾಬಾದಿನಲ್ಲಿ ವಿಜ್ಞಾನದ ಮಾಸ್ತರ. ಮನೆ, ಹೊಲ ರಾಜೇಶ್ವರದಲ್ಲಿ. ೧೯೯೭ರಲ್ಲಿ ಜಯಮಾಲಾ ಮೇಡಂ ಎಂಬ ಸಂಶೋಧಕಿ ಪಳೆಯುಳಿಕೆ ಹುಡುಕುತ್ತ ಬಂದಾಗ ಉತ್ತಮನನ್ನು ತೋರಿಸಿದವನು ನಾನೇ. ಅವನು ಹನ್ನೊಂದು ಪೊಟ್ಟಣ ತಂದುಕೊಟ್ಟ. ಬಿಚ್ಚಿ, ಮೇಡಂ ಕಂಪ್ಯೂಟರಿಗೆ ಏರಿಸಲೆಂದು ಚೀಟಿ ಬರೆಯುವ ಕೆಲಸ ನನ್ನದು. ‘ಸಂಗ್ರಹಿಸಿದವರು’ ಎಂಬಲ್ಲಿ ಅವನ ಹೆಸರು ಬರೆದಾಗ ಬೆರಳಿಟ್ಟು ಕೇಳಿದ: “ಇದು ನನ್ನ ಹೆಸರೇನ್ರಿ ಮಾಸ್ತರ? ಕಂಪ್ಯೂಟರ್‌ನಾಗೂ ಇರ್ತದೇನ್ರಿ?” ಮೂರು ಸಲ ಕೇಳಿದ. ಪಾಪ, ಅವನು ತೋಡಿದ ಒಂದು ಬಾವಿಯ ಮೇಲೂ ಅವನ ಹೆಸರಿರಲಿಲ್ಲ.

ಹನ್ನೊಂದರಲ್ಲಿ ಒಂದು ಬಸವನಹುಳುವಿನ ಕಲ್ಲು. ಸುರುಳಿ ಒಂಚೂರೂ ಮುಕ್ಕಾಗಿರಲಿಲ್ಲ. ಸುತ್ತಿದ್ದು ಅವನ ಹೆಂಡತಿ ಅಂಬುಬಾಯಿಯ ನೀಲಿ ಸೀರೆಯ ತುಂಡು, ನಾಲ್ಕು ಗಂಟು. ಅಂದರೆ ಊರ ಹೊರಗಿನ ಅವರ ಬೌದ್ಧರ ಓಣಿಯ ಬಾವಿ. ಇಷ್ಟು ಚೆಂದದ್ದು ಅವರ ಓಣಿಯದೇ ಎಂದು ನನ್ನ ಹೊಟ್ಟೆ ಉರಿಯಿತು. ಚೀಟಿಯಲ್ಲಿ ‘ಓಂಪ್ರಕಾಶ ಅವರ ಹೊಲದ ಬಾವಿ’ ಎಂದು ಗೀಚಿದೆ. ಸೀರೆಯ ತುಂಡಿನಿಂದ ಸೈಕಲ್ಲು ಒರೆಸಿದೆ. ಥೂ ನನ್ನ!

೨೦೦೫ರ ಬೇಸಿಗೆಯಲ್ಲಿ ಮೇಡಂ ಮತ್ತೆ ಬಂದರು. ಪಳೆಯುಳಿಕೆಗಳ ಡೇಟಾಬೇಸನ್ನು, ಎಲ್ಲಿ ಎಷ್ಟು ಆಳಕ್ಕೆ ಯಾವ ಪದರವಿದೆ ಎಂಬ ಇನ್ನೊಂದು ಡೇಟಾಬೇಸಿಗೆ ಜೋಡಿಸುತ್ತಿದ್ದರಂತೆ. ಹುಳು ಎಂಥ ಕೆರೆಯ ಕೆಸರಿನಲ್ಲಿ ಬದುಕಿತ್ತು, ಆಗ ಭೂಮಿ ಹೇಗಿತ್ತು ಎಂಬುದು ಎರಡೂ ಕೂಡಿದರೇ ತಿಳಿಯುವುದು. ಕೂಡಿಸಿದಾಗ ನನ್ನ ಚೀಟಿ ಸಿಕ್ಕಿಬಿತ್ತು. ನಮ್ಮ ಹೊಲದ ಬೋರ್‌ವೆಲ್ಲಿನ ದಾಖಲೆಯಲ್ಲಿ ನಾಲ್ಕಾಳಿನ ಆಳಕ್ಕೆ ಬರೀ ಕರಿಕಲ್ಲು, ಒಂದು ಕಾಲಕ್ಕೆ ಬೆಂಕಿಯಾಗಿ ಹರಿದ ಲಾವಾ. ಅದರಲ್ಲಿ ಹುಳು ಬದುಕುವುದುಂಟೇ?

“ಒಂದು ಸುಳ್ಳಾದ್ರ ಉಳಿದ ಹತ್ತನ್ನೂ ನಂಬೂದು ಹ್ಯಾಂಗ, ಉತ್ತಮ ಅವರೇ? ಎಲ್ಲಾ ತೆಗೀಬೇಕಾಗ್ತದ, ನಿಮ್ಮ ಹೆಸರೂ” ಎಂದರು ಮೇಡಂ. ಚೀಟಿಯಲ್ಲಿರುವುದೆಲ್ಲ ಅವನೇ ಹೇಳಿ ಬರೆಸಿದ್ದೆಂದು ತಿಳಿದಿದ್ದರು. ಅವರು ನಮ್ಮ ಪಡಸಾಲೆಯ ಕುರ್ಚಿಯಲ್ಲಿದ್ದರು. ಉತ್ತಮ ಹೊರಗೆ ಮೆಟ್ಟಿಲ ಮೇಲೆ.

ಅವನು ಮೇಡಂ ತಂದಿದ್ದ ಆ ಬಸವನಹುಳುವಿನ ಕಲ್ಲನ್ನು ಕೈಯಲ್ಲಿ ಹಿಡಿದು ತಿರುಗಿಸಿದ. “ಚೀಟಿನಾಗ ಯಾರ ಬಾವಿ ಅಂತ ಬರದದ್ರಿ?”

“ಮಾಸ್ತರದು.”

ನನ್ನ ಮುಖ ನೋಡಿದ. ನಾನು ಚಹಾದ ಕಪ್ಪು ಎತ್ತಿಕೊಂಡೆ. ಸ್ವಲ್ಪ ಹೊತ್ತು ಕಾದು ಹೇಳಿದ: “ಹಂಗಾದ್ರ ನಂದೇ ತಪ್ಪದ್ರಿ. ಮಾಸ್ತರ ಯಾಕ ಸುಳ್ಳು ಬರೀತಾರ?”

ಮೇಡಂ ಅವನ ಹೆಸರಿನ ಮೇಲೆ ಗೆರೆ ಎಳೆದರು. ನಾನು ಚಹಾ ಕುಡಿದೆ. ಹೌದು, ಕುಡಿದೆ.

ಎಂಟು ದಿನ ಅವರ ಓಣಿಯ ಕಡೆ ತಲೆ ಹಾಕಲಿಲ್ಲ. ಕೊನೆಗೆ ಬಸವಕಲ್ಯಾಣದ ಎಸ್‌ಟಿಡಿ ಬೂತಿನಿಂದ ಮೇಡಂಗೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಹೇಳಿದರು: “ಅವರ ಓಣಿ ಬಾವಿಯ ಅದೇ ಪದರದಿಂದ ಇನ್ನೊಂದು ಕಲ್ಲು ಬರಲಿ. ಹನ್ನೊಂದೂ ಎಲ್ಲೆಲ್ಲಿಯವು ಅಂತ ಅವರೇ ಹೇಳಿ ಬರೆಸಲಿ. ಹೆಸರು ಮತ್ತೆ ಸೇರಿಸ್ತೀನಿ.”

ಮರುದಿನ ಉತ್ತಮನ ಮನೆಗೆ ಹೋಗಿ ಹೇಳಿದೆ. ಅವನು ಬಾವಿಗಿಳಿದು ಕಲ್ಲು ಕಿತ್ತು ತಂದ. ಅಂಬುಬಾಯಿ ಕೊಟ್ಟ ಅರಿವೆಯಲ್ಲಿ ಸುತ್ತಿ ನಾಲ್ಕು ಗಂಟು ಹಾಕಿದ. ನಾನು ಜೇಬಿನಿಂದ ಪೆನ್ನು ತೆಗೆದೆ. ಅವನು ಪೊಟ್ಟಣವನ್ನು ಹತ್ತನೇ ಇಯತ್ತೆ ಓದುತ್ತಿದ್ದ ಮಗಳು ಸುಜಾತಾಳ ಮುಂದಿಟ್ಟ. “ನೀ ಬರೀವ್ವಾ” ಎಂದ.

“ಅವತ್ತೇ ಗೊತ್ತಾಗಿತ್ತಲ್ಲ ಉತ್ತಮ, ಮತ್ತ ಯಾಕ ಹೇಳಲಿಲ್ಲ?” ಎಂದು ಕೇಳಿದೆ.

“ನೀವು ಹೇಳ್ತೀರಂತ ಕುಂತಿದ್ದೆ ರೀ.”

ನಾನು ಪೆನ್ನಿನ ಟೋಪಿ ಹಾಕಿ ಜೇಬಿಗಿಟ್ಟುಕೊಂಡೆ.