ಚರಗಕ್ಕೆ ಓಗೊಟ್ಟವರು ಯಾರು

ದೆವ್ವ, ಗಾಳಿ, ಸೋಂಕು ಎಂಬ ಮಾತು ಬಂದರೆ ಎದ್ದು ಅಡಿಗೆಮನೆಗೆ ಹೋಗುವವರ ಪೈಕಿ ನಾನು. ನೌಕರಿಯ ಉದ್ದಕ್ಕೂ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು. ಹುಣಸೆ ಮರದ ಕೆಳಗೆ ಏನೋ ಕಂಡಿತು ಎಂದು ಹುಡುಗಿಯರು ಗುಸುಗುಸು ಮಾಡಿದರೆ, ಅವರನ್ನು ಅದೇ ಮರದ ಕೆಳಗೆ ಕೂಡಿಸಿ ಪಾಠ ಮಾಡಿದ್ದೇನೆ. ನೆಂಟರು ಯಾರಾದರೂ ಇಂಥ ಕತೆ ತೆಗೆದರೆ, 'ನೀವು ಕಂಡ್ರೇನು? ಇಲ್ಲಲ್ಲ. ಯಾರೋ ಹೇಳಿದ್ದು ಕೇಳೀರಿ' ಎಂದು ಬಾಯಿ ಮುಚ್ಚಿಸುತ್ತಿದ್ದೆ. ಈಗ ನನ್ನದೇ ಕತೆ ಹೇಳಹೊರಟಿದ್ದೇನೆ. ನಗುವವರು ನಗಬಹುದು, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದು ಯಾರೋ ಹೇಳಿದ್ದಲ್ಲ, ನನ್ನ ಎರಡೂ ಕಿವಿಯಿಂದ ಕೇಳಿದ್ದು.

ಮೊದಲು ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾವು ರಾಯಚೂರು ಕಡೆಯವರು. ನನ್ನ ಗಂಡ ಬಸವರಾಜರಿಗೆ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಮೇಲೆ ಹೈದರಾಬಾದಿಗೆ ಬಂದು ಕೂಕಟ್‌ಪಲ್ಲಿಯಲ್ಲಿ ನೆಲೆಯಾದೆವು. ಜೊತೆಗೆ ನಮ್ಮ ಅತ್ತೆಯೂ ಬಂದರು. ನಮ್ಮ ಕಡೆ ಚಳಿಗಾಲದ ನಡುವೆ ಎಳ್ಳ ಅಮಾವಾಸ್ಯೆ ಬರುತ್ತದೆ. ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಯನ್ನು ಪೂಜಿಸಿ, ತಂದ ಅಡಿಗೆಯಲ್ಲಿ ಒಂದಿಷ್ಟು ಕಲಸಿ ಹೊಲದ ತುಂಬ ಚೆಲ್ಲುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತೇವೆ. ಮುಂದೆ ಒಬ್ಬರು ಚರಗ ಎರಚುತ್ತ 'ಹುಲ್ಲುಲ್ಲಿಗೋ' ಎಂದು ಕೂಗಿದರೆ, ಹಿಂದೆ ತಂಬಿಗೆಯ ನೀರು ಚಿಮುಕಿಸುತ್ತ ಬರುವವರು 'ಚಳ್ಳಾಂಬ್ರಿಗೋ' ಎಂದು ಓಗೊಡಬೇಕು. ಊರೂರಿಗೆ ಈ ಕೂಗು ಬೇರೆ ಬೇರೆ, ನಮ್ಮ ಅತ್ತೆಯ ಊರಿನದು ಹೀಗೆ. ಅರ್ಥ ಮಾತ್ರ ಕೇಳಬೇಡಿ, ಅತ್ತೆಗೂ ಗೊತ್ತಿರಲಿಲ್ಲ.

ಹೈದರಾಬಾದಿನಲ್ಲಿ ನಮಗೆಲ್ಲಿಯ ಹೊಲ? ಅಪಾರ್ಟ್‌ಮೆಂಟಿನ ಮೂರನೇ ಅಂತಸ್ತು, ಬಾಲ್ಕನಿಯಲ್ಲಿ ಒಂದು ತುಳಸಿ ಕುಂಡ. ಬಂದ ವರ್ಷವೇ ಅತ್ತೆ ಹಟ ಹಿಡಿದರು. 'ಹೊಲ ಇಲ್ದಿದ್ರ ಏನಾತು, ಭೂಮಿ ಐತಲ್ಲ' ಎಂದರು. ಅವರ ಮಗ, ಅಂದರೆ ನಮ್ಮ ಮನೆಯವರು, ಅಲೆದಾಡಿ ವಿಕಾರಾಬಾದಿನ ಕಡೆ ಹೋಗುವ ದಾರಿಯ ಪಕ್ಕ ಒಂದು ಬಂಡೆಗುಡ್ಡ ಗೊತ್ತುಮಾಡಿದರು. ಸುತ್ತ ತೊಗರಿ ಹೊಲ, ಮೈತುಂಬ ಸೀತಾಫಲದ ಪೊದೆ, ತುದಿಯಲ್ಲಿ ನಾಲ್ಕು ಚಾಪೆ ಹಾಸುವಷ್ಟು ಸಪಾಟು ಜಾಗ. ಅಲ್ಲಿಂದಾಚೆ ಪ್ರತಿ ಚಳಿಗಾಲ ಅದೇ ನಮ್ಮ ಹೊಲವಾಯಿತು. ಅತ್ತೆ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸುಲ್ತಾನ್ ಬಜಾರಿನಲ್ಲಿ ಅಂಗಡಿಯವನು ಕೈಮುಗಿಯುವ ತನಕ ಚೌಕಾಸಿ ಮಾಡಿ ತಂದ ಬಿಳಿ ಕ್ಯಾನ್ವಾಸ್ ಬೂಟು ಮೆಟ್ಟಿ ಗುಡ್ಡ ಹತ್ತುವುದನ್ನು ನೀವು ನೋಡಬೇಕಿತ್ತು. ಮಗ ಕೂಗಿದರೆ ತಾಯಿ ಹಿಂದಿನಿಂದ ಓಗೊಡುವರು. ಅದರಲ್ಲೂ ಅವರದೊಂದು ವರಸೆ ಇತ್ತು. ಕೊನೆಯ 'ಗೋ' ಎಳೆದು, ಉಸಿರು ಮುಗಿಯುವ ಹೊತ್ತಿಗೆ ದನಿಯನ್ನು ಸಣ್ಣಗೆ ಮೇಲೆತ್ತುವರು, ಯಾರನ್ನೋ ಊಟಕ್ಕೆ ಕರೆದ ಹಾಗೆ. ನಾನು ಎಷ್ಟೋ ಸಲ ಅಣಕಿಸಲು ನೋಡಿ ಸೋತಿದ್ದೆ.

ಹೊಸ ವರ್ಷವೂ ಆಸುಪಾಸಿನಲ್ಲೇ ಬರುವುದರಿಂದ ನಮ್ಮ ಮಗಳು ವಾಣಿ ಚಿಕ್ಕವಳಿದ್ದಾಗ ಇನ್ನೊಂದು ಕಲಂ ಸೇರಿಸಿದಳು. ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆಯ ಊಟ ಮುಗಿದ ಮೇಲೆ ಎಲ್ಲರೂ ತುದಿಯಲ್ಲಿ ನಿಂತು ಬರುವ ವರ್ಷದ ಸಂಕಲ್ಪವನ್ನು ಗಟ್ಟಿಯಾಗಿ ಹೇಳಬೇಕು. ಅವಳದು ಗಣಿತದ ಅಂಕ, ನನ್ನದು ತೂಕ, ಅವರಪ್ಪನದು ಸಿಗರೇಟು. ಎಲ್ಲವೂ ಸಂಕ್ರಾಂತಿಯ ಎಳ್ಳುಬೆಲ್ಲ ತಿನ್ನುವುದರೊಳಗೆ ಮಣ್ಣುಪಾಲು. ಅತ್ತೆಯದು ಮಾತ್ರ ಪ್ರತಿ ವರ್ಷ ಒಂದೇ. 'ಬರೋ ವರ್ಷನೂ ಈ ಗುಡ್ಡ ಹತ್ತತೀನಿ' ಎನ್ನುವರು. ಹತ್ತಿಯೂ ಹತ್ತುವರು. ಕೊನೆಯ ಸಲವೂ ಅದನ್ನೇ ಹೇಳಿ ಇಳಿದರು. ಆ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅತ್ತೆಸೊಸೆ ನಮ್ಮಿಬ್ಬರದು ಹಾಲಿಗೂ ಉಪ್ಪಿಗೂ ಜಗಳವಾಡುವ ಸಂಸಾರ. ಆದರೂ ಹೇಳುತ್ತೇನೆ, ನನಗೆ ಆಕೆ ಭಾಳ ಬೇಕಾಗಿದ್ದರು.

ವರ್ಷ ತುಂಬಿರಲಿಲ್ಲವೆಂದು ಮುಂದಿನ ಚಳಿಗಾಲ ಗುಡ್ಡಕ್ಕೆ ಹೋಗಲಿಲ್ಲ. ಅದರ ಮರುವರ್ಷದ ಮಳೆಗಾಲದಲ್ಲಿ ನಮ್ಮ ಮನೆಯವರಿಗೆ ಹೃದಯಾಘಾತವಾಯಿತು. ಪುಣ್ಯಕ್ಕೆ ಸಮಯಕ್ಕೆ ಸರಿಯಾಗಿ ಆಸ್ಪತ್ರೆ ಮುಟ್ಟಿದೆವು. ಸ್ಟೆಂಟ್ ಹಾಕಿದರು. ಕೆಲವು ತಿಂಗಳ ಮೇಲೆ ಡಾಕ್ಟರು ಮತ್ತೆ ಪರೀಕ್ಷೆ ಮಾಡಿ, ಇನ್ನು ಧಾರಾಳವಾಗಿ ನಡೆಯಿರಿ, ಹತ್ತಿರಿ, ಹೆದರಬೇಡಿ ಎಂದರು. ಎದೆ ಸರಿಹೋಯಿತು, ಧೈರ್ಯ ಸರಿಹೋಗಲಿಲ್ಲ. ಲಿಫ್ಟ್ ಕೆಟ್ಟ ದಿನ ಮನೆಯಿಂದ ಇಳಿಯುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಚಿಲಕ ಹಾಕುತ್ತಿರಲಿಲ್ಲ, ನಾನು ಹೊರಗೆ ನಿಂತು ಮಾತಾಡುತ್ತಲೇ ಇರಬೇಕು. ಟೀವಿ ನೋಡುವಾಗಲೂ ಎರಡು ಬೆರಳು ಮಣಿಕಟ್ಟಿನ ನಾಡಿಯ ಮೇಲೆ. ಚಳಿ ಬಿತ್ತೆಂದರೆ ಕಾರ್ಖಾನೆಯ ಗೆಳೆಯರನ್ನು ಕಟ್ಟಿಕೊಂಡು ಕಂಡಕಂಡ ಬಂಡೆ ಹತ್ತುತ್ತಿದ್ದ ಮನುಷ್ಯ ಕುರ್ಚಿ ಬಿಟ್ಟು ಏಳದಂತಾದರು. ಅವರು ಸಾಯುತ್ತಾರೆಂಬ ಭಯ ನನಗೆ ಆಗಲೇ ಹೋಗಿತ್ತು. ಹೀಗೆ ಹೆದರಿಕೊಂಡೇ ಬದುಕಿಬಿಡುತ್ತಾರಲ್ಲ ಎಂಬ ಭಯ ಹತ್ತಿಕೊಂಡಿತ್ತು. ಆ ಹೊಸ ವರ್ಷಕ್ಕೆ ನನ್ನ ಸಂಕಲ್ಪ ಒಂದೇ, ಇವರನ್ನು ಆ ಗುಡ್ಡ ಹತ್ತಿಸಬೇಕು.

'ಅವ್ವಾರ ಚರಗ ಎರಡು ವರ್ಷ ತಪ್ಪಬಾರ್ದು' ಎಂದು ಅತ್ತೆಯ ಹೆಸರಿನಲ್ಲೇ ಒಪ್ಪಿಸಿದೆ. ವಾಣಿ ಅಷ್ಟೊತ್ತಿಗೆ ಮದುವೆಯಾಗಿ ಪುಣೆಯಲ್ಲಿದ್ದಳು, ಆದ್ದರಿಂದ ನಾವಿಬ್ಬರೇ. ಅಮಾವಾಸ್ಯೆಯ ದಿನ ಬೆಳಗಿನ ಚಹಾ ಕುಡಿದು, ವರ್ಷಗಳಿಂದ ನಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ ಸಲೀಂ ಭಾಯಿಯ ಕಾರಿನಲ್ಲಿ ಹೊರಟೆವು. ಊರು ದಾಟಿದ್ದೇ ಮಂಜು ಮುತ್ತಿಕೊಂಡಿತು. ಗುಡ್ಡದ ಬುಡದಲ್ಲಿ ನಿಂತು ನೋಡಿದರೆ ಗುಡ್ಡವೇ ಇಲ್ಲ. ಸಲೀಂ ಭಾಯಿಗೂ ಹೆದರಿಕೆ. 'ಸಾಬ್ ಕೋ ನಕ್ಕೋ ಚಢಾವ್ ಅಮ್ಮಾ, ನೀಚೆಚ್ ಪೂಜಾ ಕರ್ಲೇವ್' ಎಂದು, ಸಾಹೇಬರನ್ನು ಹತ್ತಿಸದೆ ಕೆಳಗೇ ಪೂಜೆ ಮುಗಿಸಲು ಹೇಳಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬುಟ್ಟಿ ನಾನು ಹೊತ್ತೆ, ನೀರಿನ ತಂಬಿಗೆ ಅವರ ಕೈಗೆ ಕೊಟ್ಟೆ.

ಹತ್ತು ಹೆಜ್ಜೆಗೊಮ್ಮೆ ನಿಂತು ನಾಡಿ ನೋಡಿಕೊಳ್ಳುತ್ತ ಅರ್ಧ ದಾರಿಯ ದೊಡ್ಡ ಬಂಡೆಯ ತನಕ ಬಂದರು. ಅಲ್ಲಿ ಕೂತುಬಿಟ್ಟರು.

'ಇನ್ನ ನನ್ನ ಕಡಿಂದ ಆಗಂಗಿಲ್ಲ ಟೀಚರಮ್ಮ. ಮ್ಯಾಲ ಏನರ ಆದ್ರ ಯಾರು ಇಳಸ್ತಾರ?' ಎಂದರು.

'ಏನ್ ಆಗ್ತೈತ್ರಿ? ಡಾಕ್ಟರು ಹೇಳ್ಯಾರ, ನಾ ಹೇಳಾಕತ್ತೀನಿ, ಇನ್ಯಾರು ಹೇಳಬೇಕು ನಿಮಗ?'

'ಯಾರು ಹೇಳಿದ್ರೂ ಅಷ್ಟ' ಎಂದು ಮುಖ ತಿರುಗಿಸಿದರು.

ನನಗೆ ಕೋಪ ನೆತ್ತಿಗೇರಿತು. 'ಹಂಗಾದ್ರ ಕುಂಡರ್ರಿ ಇಲ್ಲೇ. ಅವ್ವಾರ ಚರಗ ನಾ ಚೆಲ್ಲಿ ಬರ್ತೀನಿ' ಎಂದು ಬುಟ್ಟಿ ಎತ್ತಿಕೊಂಡು ಒಬ್ಬಳೇ ಹತ್ತಿದೆ. ಸಿಟ್ಟಿನ ಭರದಲ್ಲಿ ತಂಬಿಗೆ ಅವರ ಹತ್ತಿರವೇ ಉಳಿಯಿತು. ಚರಗಕ್ಕೆ ಇಬ್ಬರು ಬೇಕೆಂಬುದು ತುದಿ ಮುಟ್ಟಿದ ಮೇಲೆ ನೆನಪಾಯಿತು.

ತುದಿಯಲ್ಲಿ ನಾನೂ ಮಂಜೂ, ಅಷ್ಟೇ. ನಾಲ್ಕು ಮಾರು ಆಚೆ ಏನೂ ಕಾಣದು. ಸಣ್ಣ ಕಲ್ಲಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಚರಗ ಕಲಸಿದೆ. ಮದುವೆಯಾದಾಗಿನಿಂದ ಆ ಕೂಗನ್ನು ಕೇಳಿದ್ದೆನೇ ಹೊರತು ಮೊದಲ ಕೂಗು ನಾನು ಎಂದೂ ಕೂಗಿದವಳಲ್ಲ, ಅದು ಗಂಡಸರ ಪಾಲಿನದು. ನಾಚಿಕೆಯಿಂದಲೇ 'ಹುಲ್ಲುಲ್ಲಿಗೋ' ಎಂದೆ. ಉತ್ತರವಿಲ್ಲ. ಕೆಳಗೆ ಕೂತ ಭೂಪ ಅಲ್ಲಿಂದಲಾದರೂ ಓಗೊಡಲಿ ಎಂದು ಇನ್ನಷ್ಟು ಗಟ್ಟಿಯಾಗಿ ಕೂಗಿದೆ. ಆಗಲೂ ಇಲ್ಲ. ನನಗೆ ಅಳು ಬಂತು. ಇಷ್ಟು ವರ್ಷ ಮನೆಮಂದಿ ತುಂಬಿರುತ್ತಿದ್ದ ಜಾಗದಲ್ಲಿ ಒಬ್ಬಳೇ ಬೊಗಸೆ ಹಿಡಿದು ನಿಂತಿದ್ದೇನಲ್ಲ, ಈ ಮನೆತನದ ಪದ್ಧತಿ ನನ್ನ ಕೈಯಲ್ಲೇ ಮುಗಿಯಿತಲ್ಲ ಎನಿಸಿತು. ಮೂರನೇ ಸಲ ಎದೆ ಬಿರಿಯುವ ಹಾಗೆ ಕೂಗಿ ಚರಗ ಎರಚಿದೆ.

'ಚಳ್ಳಾಂಬ್ರಿಗೋ.'

ನನ್ನ ಬೆನ್ನ ಹಿಂದೆ, ತಂಬಿಗೆ ಹಿಡಿದವರು ಎಷ್ಟು ದೂರದಲ್ಲಿ ನಡೆಯುತ್ತಾರೋ ಅಷ್ಟೇ ದೂರದಲ್ಲಿ. ನನಗೆ ಭಯವಾಗಲಿಲ್ಲ, ಸಮಾಧಾನವಾಯಿತು. ಅಂತೂ ಹತ್ತಿ ಬಂದರು ಎಂದುಕೊಂಡು, 'ಬಂದ್ರೇನು? ತಂಬಿಗಿ ತಂದೀರಿಲ್ಲೋ?' ಎನ್ನುತ್ತಲೇ ತಿರುಗಿದೆ. ಯಾರೂ ಇರಲಿಲ್ಲ. ಆಗ ತಿಳಿಯಿತು, ಅದು ಗಂಡಸಿನ ದನಿಯಾಗಿರಲಿಲ್ಲ. ಕೊನೆಯ 'ಗೋ' ಸಣ್ಣಗೆ ಮೇಲೆದ್ದಿತ್ತು. ಅಲ್ಲೇ ಬಂಡೆಯ ಮೇಲೆ ಕೂತೆ.

ಅಷ್ಟರಲ್ಲಿ ಕೆಳಗಿನಿಂದ 'ಅವ್ವಾ' ಎಂಬ ಕೂಗು ಕೇಳಿತು. ಇದು ನನ್ನ ಗಂಡನದೇ. ಹಿಂದೆಯೇ ಸಣ್ಣ ಕಲ್ಲು ಉರುಳುವ ಸಪ್ಪಳ, ಪೊದೆ ಸರಿಸುವ ಸಪ್ಪಳ. 'ಸಾವಕಾಶ ಬರ್ರಿ' ಎಂದು ಕೂಗಿಕೊಂಡೆ, ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಮಂಜಿನೊಳಗಿಂದ ಮೇಲೆ ಬಂದರು. ಮಫ್ಲರ್ ಬಿಚ್ಚಿ ಜೋತಾಡುತ್ತಿತ್ತು, ತಂಬಿಗೆಯ ನೀರು ಅರ್ಧ ಚೆಲ್ಲಿತ್ತು. ನನ್ನತ್ತ ನೋಡಲೇ ಇಲ್ಲ, ನನ್ನ ಹಿಂದೆ ನೋಡಿದರು.

'ಅವ್ವ ಎಲ್ಲಿ?'

ಅವರು ಒಂದೊಂದು ಬಂಡೆಯ ಹಿಂದೂ ಹೋಗಿ ಬಗ್ಗಿ ನೋಡಿ ಬಂದರು. ಅರವತ್ತರ ಹತ್ತಿರದ ಮನುಷ್ಯ ಮಗುವಿನ ಹಾಗೆ ಹುಡುಕಿದರು. ಕೊನೆಗೆ ಬಂದು ಎದುರಿಗೆ ನಿಂತು, 'ನೀನೂ ಕೇಳಿದೇನು?' ಎಂದರು.

'ಕೇಳಿದೆ.'

ಅವರ ಕೈಯಿಂದ ತಂಬಿಗೆ ತೆಗೆದುಕೊಂಡೆ. ಆಮೇಲೆ ನಾನೇ, 'ಹತ್ತಿಬಿಟ್ರಲ್ರಿ' ಎಂದೆ. ಅವರಿಗೆ ಆಗ ಎಚ್ಚರವಾಯಿತು. ಕೆಳಗೆ ನೋಡಿದರು, ತಮ್ಮ ಕಾಲು ನೋಡಿಕೊಂಡರು, ಬೆರಳು ಮಣಿಕಟ್ಟಿನ ಕಡೆ ಹೋಯಿತು, ಅರ್ಧಕ್ಕೇ ನಿಂತಿತು. ನಕ್ಕರು. ನಗುತ್ತ ನಗುತ್ತ ಅತ್ತರು. ಅವ್ವ ಹೋದಾಗಲೂ ಅಷ್ಟು ಅತ್ತಿರಲಿಲ್ಲ ಅವರು.

ಉಳಿದ ಚರಗವನ್ನು ಅವರೇ ಚೆಲ್ಲಿದರು. ಅವರು ಕೂಗಿದರು, ನಾನು ತಂಬಿಗೆ ಹಿಡಿದು ಓಗೊಟ್ಟೆ. ನಮ್ಮಿಬ್ಬರ ದನಿ ಬಿಟ್ಟು ಇನ್ನೊಂದು ದನಿ ಕೇಳಲಿಲ್ಲ. ಊಟ ಮಾಡುವಷ್ಟರಲ್ಲಿ ಬಿಸಿಲು ಬಂದು ತೊಗರಿ ಹೊಲಗಳು ಕಂಡವು. ಸಂಕಲ್ಪ ಹೇಳಿರಿ ಎಂದೆ. ಎದ್ದು ನಿಂತು, 'ಬರೋ ವರ್ಷನೂ ಈ ಗುಡ್ಡ ಹತ್ತತೀನಿ' ಎಂದರು.

ಇಳಿದು ಬಂದು ಸಲೀಂ ಭಾಯಿಯನ್ನು ಕೇಳಿದೆವು, ನಮ್ಮ ಹಿಂದೆ ಯಾರಾದರೂ ಹತ್ತಿದರೇ ಎಂದು. ಹತ್ತಲು ಇರುವುದು ಒಂದೇ ಕಾಲುದಾರಿ, ಅವರು ಅದರ ಬಾಯಲ್ಲೇ ಕಾರು ನಿಲ್ಲಿಸಿ ಕೂತಿದ್ದರು. 'ಕೋಯಿ ನೈ ಗಯಾ ಅಮ್ಮಾ, ಮೈ ಇಧರೀಚ್ ಥಾ' ಎಂದರು. ಯಾರೂ ಹೋಗಿರಲಿಲ್ಲ.

ಈಗ ನೀವು ಕೇಳುವುದನ್ನೆಲ್ಲ ನಾನು ಆಗಲೇ ಕೇಳಿಕೊಂಡಿದ್ದೇನೆ. ಪ್ರತಿಧ್ವನಿ ಎನ್ನುತ್ತೀರಿ. ಮಕ್ಕಳಿಗೆ ಪ್ರತಿಧ್ವನಿಯ ಪಾಠ ಮಾಡಿದವಳು ನಾನು. ಪ್ರತಿಧ್ವನಿ ನಾನು ಕೂಗಿದ್ದನ್ನೇ ನನಗೆ ಮರಳಿ ಕೊಡಬೇಕು, ಅದರ ಉತ್ತರವನ್ನು ಕೊಡುವುದಿಲ್ಲ. ಮುಂದೊಂದು ಬೆಳಿಗ್ಗೆ ಹೋಗಿ ಕೂಗಿಯೂ ನೋಡಿದೆ, ಆ ಬಂಡೆಗಳು ಯಾವ ದನಿಯನ್ನೂ ಹಿಂದಿರುಗಿಸುವುದಿಲ್ಲ. ದುಃಖದಲ್ಲಿದ್ದವರ ಕಿವಿಗೆ ಹಾಗೆ ಕೇಳಿಸುತ್ತದೆ ಎನ್ನುತ್ತೀರಿ. ಇರಬಹುದು, ಆದರೆ ಮೇಲೆ ಇದ್ದವಳಿಗೂ ಕೆಳಗೆ ಇದ್ದವರಿಗೂ ಒಂದೇ ಗಳಿಗೆಗೆ ಕೇಳಬೇಕೇ? ಅಪ್ಪನನ್ನು ಹತ್ತಿಸಲು ನೀನೇ ದನಿ ಬದಲಿಸಿದ್ದೀಯ ಎಂದು ವಾಣಿಯ ವಾದ. ಅಷ್ಟು ಬುದ್ಧಿ ನನಗೆ ಹೊಳೆದಿದ್ದರೆ ಖಂಡಿತ ಮಾಡುತ್ತಿದ್ದೆ, ಹೊಳೆಯಲಿಲ್ಲ. ನಾನು ನಮ್ಮ ಮನೆಯವರ ಮೇಲೆ ಸಂಶಯಪಟ್ಟೆ, ಅವರು ನನ್ನ ಮೇಲೆ. ಒಂದು ತಿಂಗಳು ಒಬ್ಬರನ್ನೊಬ್ಬರು ಪೊಲೀಸರ ಹಾಗೆ ವಿಚಾರಣೆ ಮಾಡಿದೆವು. ಅವರು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದರು. ಮಾಡದಿದ್ದರೂ ನಂಬುತ್ತಿದ್ದೆ, ಆ ಮನುಷ್ಯ ಬಾಯಿ ತೆರೆದು ಹಾಡಿದರೆ ಕಾಸಿದ ಹಾಲು ಒಡೆಯಬೇಕು, ಇನ್ನು ಅವ್ವನ ದನಿ ಎಲ್ಲಿಂದ ಬರಬೇಕು?

ದೆವ್ವಗಿವ್ವ ನಾನು ಇವತ್ತಿಗೂ ನಂಬುವುದಿಲ್ಲ. ಆ ಬೆಳಿಗ್ಗೆ ಏನಾಯಿತೆಂದೂ ನನಗೆ ಗೊತ್ತಿಲ್ಲ. ನಮ್ಮ ಮನೆಯವರು ಈಗ ಲಿಫ್ಟ್ ಸರಿಯಿದ್ದಾಗಲೂ ಮೆಟ್ಟಿಲು ಹಿಡಿಯುತ್ತಾರೆ, ಬಚ್ಚಲಿಗೆ ಚಿಲಕ ಹಾಕಿಕೊಂಡು ಕೆಟ್ಟದಾಗಿ ಹಾಡುತ್ತಾರೆ. ಪ್ರತಿ ಎಳ್ಳ ಅಮಾವಾಸ್ಯೆಗೆ ಗುಡ್ಡ ಹತ್ತುತ್ತೇವೆ. ಅವರು ಮುಂದೆ, ತಂಬಿಗೆ ಹಿಡಿದು ನಾನು ಹಿಂದೆ. ಅವರು 'ಹುಲ್ಲುಲ್ಲಿಗೋ' ಎಂದ ಕೂಡಲೇ ನಾನು ಓಗೊಡುವುದಿಲ್ಲ. ಒಂದು ಉಸಿರಿನಷ್ಟು ಹೊತ್ತು ಸುಮ್ಮನೆ ನಿಲ್ಲುತ್ತೇನೆ. ಯಾಕೆ ತಡ ಮಾಡುತ್ತೀ ಎಂದು ಅವರು ಕೇಳಿಲ್ಲ, ನಾನೂ ಹೇಳಿಲ್ಲ. ಅವರೂ ಆ ಹೊತ್ತು ಹಿಂದೆ ತಿರುಗಿ ನೋಡದೆ ನಿಂತಿರುತ್ತಾರೆ. ಬೇರೆ ಯಾರೂ ಓಗೊಡದಿದ್ದರೆ, ಆಮೇಲೆ ನಾನು ಕೂಗುತ್ತೇನೆ.