ತೊಂಬತ್ತೆಂಟು ಎಂಬ ಸರಿಯಾದ ಅಂಕಿ

2021ರಲ್ಲಿ ನಾನು ಕ್ವಾಲಾಲಂಪುರದ ಒಂದು ಇಂಗ್ಲಿಷ್ ಸುದ್ದಿತಾಣದಲ್ಲಿ ಕಾಪಿ ಎಡಿಟರ್ ಆಗಿದ್ದೆ. ಕಚೇರಿ ಬಾಂಗ್ಸಾರ್‌ನಲ್ಲಿತ್ತು; ಲಾಕ್‌ಡೌನ್ ಕಾರಣ ಪುಚೊಂಗ್‌ನ ಮನೆಯಿಂದಲೇ ಕೆಲಸ. ಪ್ರಕಟವಾಗುವ ಪ್ರತಿ ಅಂಕಿಯನ್ನು ಮೂಲದೊಂದಿಗೆ ತಾಳೆ ನೋಡುವುದು ನನ್ನ ಹೊಣೆ. ಜುಲೈಯಲ್ಲಿ ಪಲ್ಸ್ ಆಕ್ಸಿಮೀಟರ್ ಬಗ್ಗೆ ಒಂದು ಚಾರ್ಟ್ ಹಾಕಿದೆವು. ಬೆರಳಿಗೆ ಸಿಕ್ಕಿಸುವ ಆ ಪುಟ್ಟ ಯಂತ್ರ ರಕ್ತದ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ ತೋರಿಸುತ್ತದೆ. ನಮ್ಮ ಚಾರ್ಟಿನಲ್ಲಿ 95 ಅಥವಾ ಹೆಚ್ಚಿದ್ದರೆ ಹಸಿರು ಬಣ್ಣ, ಕೆಳಗೆ ಒಂದು ಸಾಲು: 'ಆತಂಕ ಬೇಡ, ಮನೆಯಲ್ಲೇ ಇರಿ.' ಅಂಕಿ ತಾಳೆಯಾಯಿತು. ಒಪ್ಪಿಗೆ ಕೊಟ್ಟವಳು ನಾನೇ.

ಎರಡು ವಾರದ ನಂತರ ಗೌರಿ ಫೋನ್ ಮಾಡಿದಳು. ಬಂಗಾರಪೇಟೆಯವಳು, ನಲವತ್ತರ ಆಸುಪಾಸು. ನಮ್ಮ ಅಪಾರ್ಟ್‌ಮೆಂಟಿಗೆ ಊಟದ ಡಬ್ಬಿ ಕಳಿಸುವ ದೊಡ್ಡ ಅಡುಗೆಮನೆಯಲ್ಲಿ ಪ್ಯಾಕಿಂಗ್ ಕೆಲಸ. ಕನ್ನಡದವರು ಸಿಕ್ಕರೆಂದು ನನ್ನ ನಂಬರ್ ಇಟ್ಟುಕೊಂಡಿದ್ದಳು.

"ಅಕ್ಕಾ, ಒಂದು ಮಹಡಿ ಹತ್ತೋಕಾಗ್ತಿಲ್ಲ. ಮೂರು ಸಲ ಕೂತ್ಕೊತೀನಿ. ಎದೆ ಡಬಡಬ ಅಂತದೆ."

"ಕೋವಿಡ್ ಟೆಸ್ಟ್ ಆಯ್ತಾ?"

"ಎರಡು ಸಲ ನೆಗೆಟಿವ್ವು. ಸೂಪರ್‌ವೈಸರು ದಿನಾ ಬೆಳಿಗ್ಗೆ ಬೆರಳಿಗೆ ಮಿಶಿನ್ ಹಾಕ್ತಾರೆ, ತೊಂಬತ್ತೆಂಟು ಬರ್ತದೆ. ನಾಟಕ ಆಡ್ಬೇಡ, ನಡಿ ಅಂತಾರೆ."

ಅವಳ ಪಾಸ್‌ಪೋರ್ಟ್ ಆ ಸೂಪರ್‌ವೈಸರನ ಬೀರುವಿನಲ್ಲಿತ್ತು. ಆಸ್ಪತ್ರೆಗೆ ಹೋಗಬೇಕೆಂದು ಕೇಳಿದರೆ ಕೊಟ್ಟಿರಲಿಲ್ಲ. ಅದಿಲ್ಲದೆ ಹೊರಟರೆ ಪೊಲೀಸರು ಹಿಡಿಯುತ್ತಾರೆಂಬ ಭಯ ಅವಳಿಗೆ.

ಸೂಪರ್‌ವೈಸರ್‌ಗೆ ಫೋನ್ ಮಾಡಿ, ಯಾವ ಸುದ್ದಿತಾಣದವಳೆಂದೂ ಹೇಳಿದೆ. ಅವನು ದನಿ ಏರಿಸಲಿಲ್ಲ.

"ಮೇಡಂ, ತೊಂಬತ್ತೆಂಟು ಇದೆ. ನಿಮ್ಮ ಚಾರ್ಟೇ ನಮ್ಮ ಗೋಡೆ ಮೇಲಿದೆ. ಹಸಿರು ಅಂದರೆ ಕೆಲಸ. ನೀವು ಬರೆದದ್ದನ್ನ ನೀವೇ ನಂಬಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿ ನಕ್ಕ.

ನಮ್ಮ ಚಾರ್ಟಿನಲ್ಲಿ 'ಕೆಲಸ' ಎಂಬ ಪದವೇ ಇರಲಿಲ್ಲ.

ವರದಿಗಳಿಗಾಗಿ ಆಗಾಗ ಮಾತಾಡಿಸುತ್ತಿದ್ದ ತುರ್ತು ಚಿಕಿತ್ಸಾ ವೈದ್ಯೆಯೊಬ್ಬರನ್ನು ಕೇಳಿದೆ. ಅವರು ಶ್ವಾಸಕೋಶದ ವಿಷಯವನ್ನೇ ಎತ್ತಲಿಲ್ಲ. "ಮುಟ್ಟು ಹೇಗಿದೆ ಕೇಳಿ. ಕೆಳರೆಪ್ಪೆ ಎಳೆದು ಫೋಟೋ ಕಳಿಸಲಿ" ಎಂದರು. ನಾಲ್ಕು ತಿಂಗಳಿಂದ ಗೌರಿಗೆ ವಿಪರೀತ ರಕ್ತಸ್ರಾವವಾಗುತ್ತಿತ್ತು. ಗಂಡಸಿಗೆ ಹೇಗೆ ಹೇಳುವುದೆಂದು ಸುಮ್ಮನಿದ್ದಳು. ಫೋಟೋದಲ್ಲಿ ರೆಪ್ಪೆಯ ಒಳಭಾಗ ಕಾಗದದಷ್ಟು ಬಿಳುಪು.

ವೈದ್ಯೆ ವಿವರಿಸಿದರು. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತೊಯ್ಯುವುದು ಕೆಂಪು ರಕ್ತಕಣಗಳಲ್ಲಿರುವ ಹಿಮೋಗ್ಲೋಬಿನ್ ಎಂಬ, ಕಬ್ಬಿಣದ ಅಂಶವುಳ್ಳ ಪ್ರೋಟೀನು. ಇರುವ ಹಿಮೋಗ್ಲೋಬಿನ್‌ನಲ್ಲಿ ಎಷ್ಟು ಪಾಲಿಗೆ ಆಮ್ಲಜನಕ ಸಿಕ್ಕಿದೆ ಎಂಬುದನ್ನಷ್ಟೇ ಯಂತ್ರ ಹೇಳುತ್ತದೆ. ಹಿಮೋಗ್ಲೋಬಿನ್ನೇ ಎಷ್ಟಿದೆ ಎಂಬುದು ಅದಕ್ಕೆ ತಿಳಿಯದು. ರಕ್ತ ಹೋಗಿ ಹೋಗಿ ಸ್ವಲ್ಪವೇ ಉಳಿದಿದ್ದರೂ, ಆ ಸ್ವಲ್ಪ ಭರ್ತಿಯಾಗಿದ್ದರೆ 98 ಬರುತ್ತದೆ. ಮೈಗೆ ಮಾತ್ರ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ.

ಇದನ್ನೇ ಗೌರಿಗೆ ಹೇಳಿದೆ.

"ಅಂದ್ರೆ ಹೋಗೋ ಡಬ್ಬಿ ಎಲ್ಲಾ ತುಂಬವೆ, ಡಬ್ಬಿನೇ ಕಮ್ಮಿ ಅಂತೀರಾ?"

"ಹೌದು."

"ಐನೂರು ಮನೆಗೆ ಇನ್ನೂರು ಡಬ್ಬಿ ಕಳಿಸಿ, ಎಲ್ಲಾ ತುಂಬವೆ ಸಾರ್ ಅಂದಿದ್ರೆ ಅವನು ನನ್ನ ಬಿಡ್ತಿದ್ನಾ ಅಕ್ಕಾ?"

"ಪಾಸ್‌ಪೋರ್ಟ್ ಆಮೇಲೆ ನೋಡೋಣ, ಮೊದಲು ಆಂಬ್ಯುಲೆನ್ಸ್" ಎಂದು ವೈದ್ಯೆ ಹೇಳಿದ್ದರಿಂದ ನಾನೇ ಕರೆ ಮಾಡಿದೆ. ಅದು ಬಂದಾಗ ಗೌರಿ ಫೋನನ್ನು ಬಂದ್ ಮಾಡಿರಲಿಲ್ಲ. ಗೇಟಿನಲ್ಲಿ ಸೂಪರ್‌ವೈಸರ್ ತೊಂಬತ್ತೆಂಟು, ತೊಂಬತ್ತೆಂಟು ಎಂದು ವಾದಿಸುತ್ತಿದ್ದುದು ನನಗೆ ಕೇಳುತ್ತಿತ್ತು. ಆಂಬ್ಯುಲೆನ್ಸ್‌ನವರು ಅವಳ ಬಿಳಿಚಿಕೊಂಡ ಅಂಗೈ ನೋಡಿದ್ದೇ ಕರೆದೊಯ್ದರೆಂದು ಗೌರಿ ಆಮೇಲೆ ಹೇಳಿದಳು. ಹೆಂಗಸರಿಗೆ ಹಿಮೋಗ್ಲೋಬಿನ್ 12ರಷ್ಟಾದರೂ ಇರಬೇಕು, ಅವಳಿಗಿದ್ದದ್ದು 4.6. ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಟ್ಟರು. ಇನ್ನೊಂದು ವಾರ ತಡವಾಗಿದ್ದರೆ ಹೃದಯ ತಡೆಯುತ್ತಿರಲಿಲ್ಲ ಎಂದರಂತೆ.

ಅಂದೇ ಸಂಪಾದಕರಿಗೆ ತಿದ್ದುಪಡಿ ಹಾಕಬೇಕೆಂದು ಬರೆದೆ.

"95 ತಪ್ಪಾ?" ಎಂದರು.

"ತಪ್ಪಲ್ಲ."

"ಮತ್ತೆ ಯಾವುದನ್ನ ತಿದ್ದೋದು?"

"'ಆತಂಕ ಬೇಡ' ಅನ್ನೋದನ್ನ. ಅದನ್ನ ಯಾವ ಡಾಕ್ಟರೂ ಹೇಳಿಲ್ಲ ಸರ್. ಜಾಗ ಖಾಲಿ ಇತ್ತು ಅಂತ ನಮ್ಮ ಎಡಿಟಿಂಗ್ ಡೆಸ್ಕ್‌ನವರೇ ಸೇರಿಸಿದ್ದು."

ಅದಕ್ಕೂ ಎರಡು ದಿನ ಎಳೆದಾಡಿದರು. ಕೊನೆಗೆ ಚಾರ್ಟ್ ಬದಲಾಯಿತು: ಅಂಕಿ ಎಷ್ಟೇ ಇರಲಿ, ಉಸಿರಾಡಲು ಕಷ್ಟವಾದರೆ ಆಸ್ಪತ್ರೆಗೆ ಹೋಗಿ.

ಆರನೆಯ ದಿನ ಗೌರಿ ಆಸ್ಪತ್ರೆಯಿಂದ ಹೊರಬಂದಳು. ಆಸ್ಪತ್ರೆಯವರು ಕೇಳಿದ ಮೇಲೆ ಸೂಪರ್‌ವೈಸರ್ ಪಾಸ್‌ಪೋರ್ಟ್ ಕಳಿಸಿದ. ಅದರೊಳಗೆ ಮಡಚಿಟ್ಟ ಒಂದು ಪತ್ರವಿತ್ತು: ಅನುಮತಿಯಿಲ್ಲದೆ ಗೈರುಹಾಜರಾದ ಕಾರಣ ಕೆಲಸದಿಂದ ತೆಗೆಯಲಾಗಿದೆ. ಆಂಬ್ಯುಲೆನ್ಸನ್ನು ಗೇಟಿನಲ್ಲಿ ತಡೆದವನೇ ಅದಕ್ಕೆ ಸಹಿ ಹಾಕಿದ್ದ.

ಅಂಕಿ ಸರಿಯೇ ಎಂದು ಕೇಳುವುದು ನನ್ನ ಕೆಲಸದ ಅರ್ಧ. ಅದನ್ನು ತೋರಿಸಿ ಯಾರು ಯಾರನ್ನು ಸುಮ್ಮನಾಗಿಸಬಹುದು ಎಂದು ಕೇಳುವುದು ಉಳಿದರ್ಧ. ಆ ಜುಲೈಯಲ್ಲಿ ನಾನು ಅರ್ಧ ಕೆಲಸ ಮಾಡಿ ಒಪ್ಪಿಗೆ ಕೊಟ್ಟಿದ್ದೆ.